ಮಗ್ಗಕ್ಕೆ ವಿವೇಕ ಕಲಿಸಿದವನು

ನೇಕಾರನ ಮನೆಯಲ್ಲಿ ಮಗ್ಗದ ಸದ್ದನ್ನು ಕೇಳಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಆ ಸದ್ದು ನಡುನಡುವೆ ನಿಲ್ಲುತ್ತದೆ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಲಾಳಿಯು ಅತ್ತಿಂದಿತ್ತ ಓಡಾಡುತ್ತ ಹೊಕ್ಕಿನ ನೂಲನ್ನು ಸೇರಿಸುತ್ತಿರುತ್ತದೆ. ಎಲ್ಲಿಯಾದರೂ ಒಂದು ಎಳೆ ಕಡಿದರೆ ನೇಕಾರನ ಕೈ ತಾನಾಗಿಯೇ ತಡೆಯುತ್ತದೆ. ಕಡಿದ ಎಳೆಯನ್ನು ಗಂಟಿಕ್ಕಿ ಅವನು ಮತ್ತೆ ನೇಯಲು ತೊಡಗುತ್ತಾನೆ. ಇಳಕಲ್ಲಿನಲ್ಲಾಗಲಿ ಗುಳೇದಗುಡ್ಡದಲ್ಲಾಗಲಿ ಕೈಮಗ್ಗದ ಮುಂದೆ ಕುಳಿತವರು ಇದನ್ನೊಂದು ವಿದ್ಯೆಯೆಂದು ಎಣಿಸುವುದೇ ಇಲ್ಲ. ಆದರೆ ಉಗಿಯ ಬಲದಿಂದ ನಡೆಯುವ ಮಗ್ಗಕ್ಕೆ ಕಣ್ಣಿಲ್ಲ. ಎಳೆ ಕಡಿದರೂ ಅದು ನೇಯುತ್ತಲೇ ಹೋಗುತ್ತದೆ. ಗಜಗಟ್ಟಲೆ ಕೆಟ್ಟ ಬಟ್ಟೆ ಸುರುಳಿಯಾಗುತ್ತದೆ. ಆ ಬಟ್ಟೆಯೊಡನೆ ಅದಕ್ಕೆ ಬಳಸಿದ ಹತ್ತಿ, ಉರಿದ ಕಲ್ಲಿದ್ದಲು, ಮನುಷ್ಯರ ದುಡಿಮೆ ಎಲ್ಲವೂ ಮಣ್ಣುಪಾಲಾಗುತ್ತವೆ. ಇಂಥ ಕುರುಡು ಯಂತ್ರಕ್ಕೆ ತಪ್ಪಾದಾಗ ನಿಲ್ಲುವುದನ್ನು ಕಲಿಸಲು ತನ್ನ ಆಯುಷ್ಯವನ್ನು ಸವೆಸಿದವನು ಜಪಾನಿನ ಸಕಿಚಿ ಟೊಯೋಡಾ.

ಸಕಿಚಿ ಹುಟ್ಟಿದುದು 1867ರ ಫೆಬ್ರವರಿಯಲ್ಲಿ, ಶಿಜುವೊಕಾ ಪ್ರಾಂತದ ಹಮಾನಾ ಸರೋವರದ ಪಡುವಣಕ್ಕಿರುವ ಯಮಗುಚಿ ಎಂಬ ಬಡ ಹಳ್ಳಿಯಲ್ಲಿ. ತಂದೆ ಬಡಗಿ. ಮಗನೂ ಉಳಿ ಬಾಚಿಗಳನ್ನು ಹಿಡಿದು ತನ್ನ ಹಾದಿಯಲ್ಲೇ ನಡೆಯಬೇಕೆಂಬುದು ಅವನ ಬಯಕೆಯಾಗಿತ್ತು. ಶಾಲೆಯ ಓದು ಸಕಿಚಿಗೆ ದೊರೆತದ್ದು ಸ್ವಲ್ಪವೇ. ಆ ಹಳ್ಳಿಯ ಹೆಂಗಸರು, ಅವನ ತಾಯಿಯೂ ಸೇರಿ, ಹೊಲಮನೆಗಳ ಕೆಲಸ ಮುಗಿಸಿ ರಾತ್ರಿಯಲ್ಲಿ ಮಗ್ಗದ ಮುಂದೆ ಕೂಡುತ್ತಿದ್ದರು. ಲಾಳಿಯನ್ನು ಒಂದು ಕೈಯಿಂದ ತೂರಿ ಇನ್ನೊಂದು ಕೈಯಿಂದ ಹಿಡಿದು, ಆಮೇಲೆ ಹಣಿಗೆಯನ್ನೆಳೆದು ಬಡಿಯಬೇಕು. ಇಷ್ಟು ಶ್ರಮಕ್ಕೆ ಸಿಗುತ್ತಿದ್ದ ಬಟ್ಟೆ ಎಷ್ಟು ಕಡಿಮೆ ಎಂಬುದು ಆ ಹುಡುಗನ ಮನಸ್ಸನ್ನು ಕೊರೆಯತೊಡಗಿತು.

1885ರಲ್ಲಿ ಜಪಾನು ಸರಕಾರವು ಹೊಸ ಉಪಕರಣಗಳನ್ನು ಕಂಡುಹಿಡಿದವರಿಗೆ ಹಕ್ಕುಪತ್ರ ನೀಡುವ ಕಾನೂನನ್ನು ಹೊರಡಿಸಿತು. ಹದಿನೆಂಟು ವರ್ಷದ ಸಕಿಚಿಗೆ ಅದು ತನಗೆಂದೇ ಬಂದ ಕರೆಯಂತೆ ತೋರಿತು. ಅವನು ಕೊಟ್ಟಿಗೆಯಲ್ಲಿ ಬಾಗಿಲು ಮುಚ್ಚಿಕೊಂಡು ಮರದ ತುಂಡುಗಳಿಂದ ಮಗ್ಗದ ಮಾದರಿಗಳನ್ನು ಕಟ್ಟುವುದೂ ಮುರಿಯುವುದೂ ನಡೆಯಿತು. ಊರಿನವರು ಹುಚ್ಚನೆಂದರು, ತಂದೆ ಮುನಿದನು. 1890ರಲ್ಲಿ ಟೋಕಿಯೋ ನಗರದ ಉಯೆನೋದಲ್ಲಿ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನ ನಡೆದಾಗ ಅಲ್ಲಿಗೆ ಹೋಗಿ, ದಿನಗಟ್ಟಲೆ ಯಂತ್ರಗಳ ಮುಂದೆಯೇ ನಿಂತಿದ್ದನು. ಮರುವರ್ಷ, ಅಂದರೆ 1891ರಲ್ಲಿ, ತನ್ನ ಮೊದಲ ಹಕ್ಕುಪತ್ರವನ್ನು ಪಡೆದನು. ಅವನ ಮರದ ಕೈಮಗ್ಗದಲ್ಲಿ ಒಂದೇ ಕೈಯಿಂದ ಹಣಿಗೆಯನ್ನು ಹಿಂದೆ ಮುಂದೆ ಆಡಿಸಿದರೆ ಲಾಳಿ ತಾನಾಗಿ ಓಡುತ್ತಿತ್ತು. ಬಟ್ಟೆಯ ಉತ್ಪಾದನೆ ಸುಮಾರು ಒಂದೂವರೆ ಪಾಲಾಯಿತು, ನೇಯ್ಗೆಯೂ ಸಮನಾಯಿತು.

ಈ ಹಂಬಲಕ್ಕೆ ಅವನು ಕೊಟ್ಟ ಬೆಲೆ ಸಣ್ಣದಲ್ಲ. 1894ರಲ್ಲಿ ಮಗ ಕಿಯಿಚಿರೋ ಹುಟ್ಟಿದ ಸ್ವಲ್ಪ ಕಾಲದಲ್ಲೇ, ಸದಾ ಯಂತ್ರದ ಚಿಂತೆಯಲ್ಲಿದ್ದು ಮನೆಯನ್ನೇ ಮರೆತಿದ್ದ ಗಂಡನನ್ನು ತೊರೆದು ಹೆಂಡತಿ ಹೊರಟುಹೋದಳು. ಹಸುಗೂಸು ಅಜ್ಜ ಅಜ್ಜಿಯರ ಕೈಯಲ್ಲಿ ಬೆಳೆಯಿತು. ಮಹಾಪುರುಷರ ಚರಿತ್ರೆಗಳಲ್ಲಿ ಇಂಥ ಸಂಗತಿಗಳನ್ನು ಮೆಲ್ಲನೆ ದಾಟಿಬಿಡುವ ವಾಡಿಕೆಯುಂಟು. ಆದರೆ ಆ ತಾಯಿ ಮಕ್ಕಳ ಪಾಲಿಗೆ ಅದು ಮೆಲ್ಲನೆ ದಾಟಿಹೋದ ಸಂಗತಿಯಾಗಿರಲಾರದು.

1896ರಲ್ಲಿ ಅವನು ಉಗಿಯ ಬಲದಿಂದ ನಡೆಯುವ ಮಗ್ಗವನ್ನು ಸಿದ್ಧಪಡಿಸಿದನು. ಪಾಶ್ಚಾತ್ಯ ದೇಶಗಳಿಂದ ತರಿಸುತ್ತಿದ್ದ ಮಗ್ಗಗಳೆಲ್ಲ ಕಬ್ಬಿಣದವು, ಬಹು ದುಬಾರಿಯವು. ಸಕಿಚಿ ಬವಣೆಗೆ ಸಿಕ್ಕುವ ಭಾಗಗಳನ್ನು ಮಾತ್ರ ಕಬ್ಬಿಣದಿಂದ ಮಾಡಿ ಉಳಿದುದನ್ನು ಮರದಿಂದ ಕಟ್ಟಿದನು. ಹೀಗಾಗಿ ಸಣ್ಣ ನೇಕಾರರೂ ಅದನ್ನು ಕೊಳ್ಳುವಂತಾಯಿತು. ಇದಕ್ಕಿಂತ ಹೆಚ್ಚಿನ ಸಂಗತಿಯೆಂದರೆ, ಹೊಕ್ಕಿನ ನೂಲು ಕಡಿದೊಡನೆ ಅಥವಾ ಮುಗಿದೊಡನೆ ಈ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಅದರಿಂದ ಹೊರಬಂದ ಬಟ್ಟೆ ಎಲ್ಲೆಡೆಯೂ ಒಂದೇ ಸಮನಾಗಿದ್ದುದನ್ನು ಕಂಡು ಮಿತ್ಸುಯಿ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆ ಬೆರಗಾಯಿತು. ಮುಂದೆ ಹಾಸಿನ ಎಳೆಗಳಿಗೂ ಇಂಥ ಕಾವಲು ಬಂದಿತು. ಪ್ರತಿಯೊಂದು ಎಳೆಗೂ ಒಂದೊಂದು ತೆಳುವಾದ ಲೋಹದ ಪಟ್ಟಿಯನ್ನು ತೂಗುಬಿಟ್ಟಿರುತ್ತಾರೆ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೆಯೇ ಇರುತ್ತದೆ. ಕಡಿದೊಡನೆ ಕೆಳಗೆ ಬೀಳುತ್ತದೆ. ಬಿದ್ದ ಪಟ್ಟಿ ಯಂತ್ರದ ಓಟವನ್ನು ತಡೆಯುತ್ತದೆ. ಇಂಥ ಉಪಾಯಗಳು ಇಂಗ್ಲೆಂಡು ಅಮೆರಿಕಗಳ ಮಗ್ಗಗಳಲ್ಲಿಯೂ ಇದ್ದವು. ಆದರೆ ಕೆಟ್ಟ ಬಟ್ಟೆಯನ್ನು ನೇಯ್ದ ಮೇಲೆ ಆರಿಸಿ ಎಸೆಯುವುದಕ್ಕಿಂತ, ಅದು ಹುಟ್ಟದಂತೆ ಯಂತ್ರವನ್ನೇ ರೂಪಿಸಬೇಕೆಂಬ ವಿಚಾರವನ್ನು ಸಕಿಚಿಯಷ್ಟು ಹಟದಿಂದ ಬೆನ್ನಟ್ಟಿದವರು ವಿರಳ.

ಹೊಸದಾಗಿ ರಚಿಸಿದ ಮಗ್ಗಗಳನ್ನು ಒಮ್ಮೆ ಒಂದು ದೊಡ್ಡ ಗಿರಣಿಯಲ್ಲಿ ಪರೀಕ್ಷೆಗೆ ಇಟ್ಟಾಗ ಅವು ಸೋತವು. ಅವುಗಳನ್ನು ತಯಾರಿಸಿದ್ದವರು ಹೊರಗಿನವರು. ಭಾಗಗಳು ಸರಿಯಾಗಿ ಕೂಡಿರಲಿಲ್ಲ. ತಾನೇ ಮುಂದೆ ನಿಂತು, ನಿಜವಾದ ಕಾರ್ಖಾನೆಯಲ್ಲಿ ದೀರ್ಘಕಾಲ ಓಡಿಸಿ ನೋಡದ ಯಂತ್ರವನ್ನು ಮಾರಬಾರದೆಂಬ ನಿಯಮವನ್ನು ಅವನು ಅಂದಿನಿಂದ ಬಿಡಲಿಲ್ಲ. ಈ ನಿಯಮವೇ ಅವನಿಗೆ ಮುಳುವಾಯಿತೆಂದರೂ ತಪ್ಪಿಲ್ಲ. 1907ರಲ್ಲಿ ಅವನ ಹೆಸರಿನಲ್ಲಿಯೇ ಒಂದು ಮಗ್ಗದ ಕಂಪನಿ ಸ್ಥಾಪನೆಯಾಗಿತ್ತು. ವ್ಯಾಪಾರ ಕುಗ್ಗಿದಾಗ, ಇವನ ಎಡೆಬಿಡದ ಪ್ರಯೋಗಗಳೇ ನಷ್ಟಕ್ಕೆ ಕಾರಣವೆಂದು ಹಣ ಹೂಡಿದವರು ದೂರಿದರು. 1910ರಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಅವನು ತನ್ನದೇ ಕಂಪನಿಯಿಂದ ಬರಿಗೈಯಲ್ಲಿ ಹೊರಬಿದ್ದನು.

ಮನನೊಂದು ಅಮೆರಿಕಕ್ಕೆ ಹೋದನು. ನ್ಯೂಯಾರ್ಕಿನಲ್ಲಿ ತನ್ನ ದೇಶದವನೇ ಆದ ಪ್ರಖ್ಯಾತ ರಸಾಯನವಿಜ್ಞಾನಿ ಜೋಕಿಚಿ ತಕಾಮಿನೆಯನ್ನು ಕಂಡನು. ಸಂಶೋಧಕನಾದವನು ತನ್ನ ಕೃತಿ ಜನರ ಉಪಯೋಗಕ್ಕೆ ಬರುವವರೆಗೂ ಅದರ ಕೈಬಿಡಬಾರದೆಂದು ತಕಾಮಿನೆ ತಿಳಿಹೇಳಿದನು. 1911ರಲ್ಲಿ ಹಿಂದಿರುಗಿದ ಸಕಿಚಿ ಸಾಲಸೋಲ ಮಾಡಿ ನಗೋಯಾ ನಗರದಲ್ಲಿ ಸ್ವಂತದ ನೇಯ್ಗೆಯ ಕಾರ್ಖಾನೆಯನ್ನು ತೆರೆದನು. ಎಳೆ ಏಕೆ ಕಡಿಯುತ್ತದೆಂದು ಬೆದಕುತ್ತ ಹೋದಂತೆ, ದೋಷ ಮಗ್ಗದಲ್ಲಿ ಮಾತ್ರವಲ್ಲ, ಕೊಂಡು ತಂದ ನೂಲಿನಲ್ಲಿಯೂ ಇದೆಯೆಂದು ಕಂಡಿತು. ಕೂಡಲೇ ನೂಲುವ ಕೆಲಸವನ್ನೂ ತಾನೇ ಕೈಗೊಂಡನು. ಒಂದು ತೊಡಕು ಎದುರಾದಾಗ ಏಕೆ ಎಂಬ ಪ್ರಶ್ನೆಯನ್ನು ಐದು ಬಾರಿ ಕೇಳಿ ಮೂಲವನ್ನು ಮುಟ್ಟುವ ಪದ್ಧತಿ ಇಂದು ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ; ಅದು ಸಕಿಚಿಯಿಂದ ಬಂದುದೆಂದು ಹೇಳುವರು.

1924ರಲ್ಲಿ ಅವನ ಬಾಳಿನ ಮಹತ್ಕೃತಿ ಪೂರ್ಣವಾಯಿತು. ಮಗ ಕಿಯಿಚಿರೋ ಆ ವೇಳೆಗೆ ಎಂಜಿನಿಯರ್ ಆಗಿ ತಂದೆಗೆ ನೆರವಾಗಿದ್ದನು. ಜಿ ಮಾದರಿಯೆಂದು ಹೆಸರಾದ ಈ ಮಗ್ಗದಲ್ಲಿ ಲಾಳಿಯ ನೂಲು ಮುಗಿಯುವ ಹೊತ್ತಿಗೆ, ಓಟ ನಿಲ್ಲದೆಯೇ, ಹೊಸ ಲಾಳಿ ಅದರ ಜಾಗಕ್ಕೆ ಬಂದು ಕೂಡುತ್ತಿತ್ತು. ಎಳೆ ಕಡಿದರೆ ಮಾತ್ರ ಮಗ್ಗ ನಿಲ್ಲುತ್ತಿತ್ತು. ನಿಲ್ಲಬೇಕಾದಲ್ಲಿ ನಿಲ್ಲುವುದು, ನಿಲ್ಲಬೇಕಿಲ್ಲದಲ್ಲಿ ಓಡುವುದು, ಎರಡನ್ನೂ ಅದು ಅರಿತಿತ್ತು. ಕಾರಿಯಾ ಎಂಬ ಊರಿನಲ್ಲಿ ನೂರಾರು ಮಗ್ಗಗಳನ್ನು ಓಡಿಸಿ ಪರೀಕ್ಷಿಸಿದ ಮೇಲೆಯೇ ಮಾರಾಟಕ್ಕೆ ತಂದರು. ಹಿಂದೆ ಕೆಲವೇ ಮಗ್ಗಗಳ ಮುಂದೆ ಕಾವಲು ನಿಲ್ಲುತ್ತಿದ್ದ ಕೆಲಸಗಾರ್ತಿ ಈಗ ಮೂವತ್ತರಷ್ಟು ಮಗ್ಗಗಳನ್ನು ನೋಡಿಕೊಳ್ಳಬಲ್ಲವಳಾದಳು. ಮನುಷ್ಯನು ಯಂತ್ರದ ಕಾವಲುಗಾರನಾಗಿರಬೇಕಾದ ಅಗತ್ಯ ತಪ್ಪಿತು. ಆದರೂ ಚಿತ್ರದ ಇನ್ನೊಂದು ಮಗ್ಗುಲನ್ನು ಮರೆಯಲಾಗದು. ಜಪಾನಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದ ಎಳೆಯ ಹುಡುಗಿಯರು. ಅವರ ರಾತ್ರಿಪಾಳಿ 1929ರವರೆಗೂ ನಡೆದೇ ಇತ್ತು. ಮೂವತ್ತು ಮಗ್ಗಗಳಿಗೆ ಒಬ್ಬಳು ಸಾಕೆಂದಾಗ ಉಳಿದವರ ಗತಿಯೇನೆಂಬ ಪ್ರಶ್ನೆಗೆ ಮಗ್ಗವು ಉತ್ತರ ಹೇಳಲಾರದು.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲ್ಯಾಟ್ ಸೋದರರ ಕಂಪನಿ ಈ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡುಗಳಿಗೆ ಕೊಳ್ಳಲು ಒಪ್ಪಿತು. ಜಗತ್ತಿಗೆಲ್ಲ ಗಿರಣಿಯ ಯಂತ್ರಗಳನ್ನು ಮಾರುತ್ತಿದ್ದ ನಾಡು ಬಡಗಿಯ ಮಗನ ಮುಂದೆ ಕೊಳ್ಳುವವನಾಗಿ ನಿಂತಿತು! ಮರುವರ್ಷ ಅಕ್ಟೋಬರ್ 30ರಂದು ಸಕಿಚಿ ತೀರಿಕೊಂಡನು. ತಂದೆಯ ಪ್ರೋತ್ಸಾಹದಿಂದ ಮೋಟಾರು ವಾಹನಗಳತ್ತ ತಿರುಗಿದ ಕಿಯಿಚಿರೋ 1937ರಲ್ಲಿ ಸ್ಥಾಪಿಸಿದ ಕಂಪನಿಯೇ ಟೊಯೋಟಾ. ನಮ್ಮ ಬಿಡದಿಯ ಕಾರ್ಖಾನೆಯ ಮೇಲಿರುವ ಹೆಸರು ಈ ಮನೆತನದ್ದೇ, ಒಂದಕ್ಷರ ಬದಲಾಗಿ. ನೇಯ್ಗೆಯ ಗಿರಣಿಯಿಂದ ಅಲ್ಲಿಗೆ ಬಂದ ತಾಯಿಚಿ ಓನೋ ಎಂಬ ಎಂಜಿನಿಯರ್ ಮಗ್ಗದ ಪಾಠವನ್ನು ಕಾರಿನ ತಯಾರಿಕೆಗೆ ಅಳವಡಿಸಿದನು. ದೋಷ ಕಂಡ ಯಾವ ಕೆಲಸಗಾರನೇ ಆಗಲಿ, ಒಂದು ಹಗ್ಗವನ್ನೆಳೆದು ಇಡೀ ಸಾಲನ್ನು ನಿಲ್ಲಿಸಬಹುದಾಗಿತ್ತು. ಇದನ್ನು ಜಿದೋಕಾ ಎನ್ನುತ್ತಾರೆ. ಅದನ್ನು ಬರೆಯುವಾಗ ಚಲನೆ ಎಂಬರ್ಥದ ಅಕ್ಷರಕ್ಕೆ ಮನುಷ್ಯನ ಗುರುತೊಂದನ್ನು ಸೇರಿಸುತ್ತಾರೆ.

ಸಕಿಚಿಯ ಎರಡು ಕನಸುಗಳು ಮಾತ್ರ ಅವನ ಕಾಲಕ್ಕೆ ಕೈಗೂಡಲಿಲ್ಲ. ಜಪಾನಿನಲ್ಲಿ ಎಣ್ಣೆಯ ಬಾವಿಗಳು ಬಹಳ ಕಡಿಮೆ, ಧುಮುಕಿ ಹರಿಯುವ ನದಿಗಳು ಹೇರಳ. ಆ ನೀರಿನ ವಿದ್ಯುತ್ತನ್ನು ತುಂಬಿಟ್ಟುಕೊಂಡು ವಿಮಾನವನ್ನೇ ಹಾರಿಸಬಲ್ಲ ಬ್ಯಾಟರಿಯನ್ನು ರಚಿಸುವವರಿಗಾಗಿ 1925ರಲ್ಲಿ ಅವನು ಹತ್ತು ಲಕ್ಷ ಯೆನ್ ಹಣವನ್ನು ತೆಗೆದಿರಿಸಿದನು. ನೂರು ಅಶ್ವಶಕ್ತಿಯನ್ನು ಮೂವತ್ತಾರು ಗಂಟೆ ಕೊಡಬೇಕು, ತೂಕ ಸುಮಾರು 225 ಕಿಲೋಗ್ರಾಂ ಮೀರಬಾರದು ಎಂಬುದು ಅವನ ಷರತ್ತು. ಇಂದಿನ ಬ್ಯಾಟರಿಗಳಿಗೂ ಅದು ನಿಲುಕದ ಎತ್ತರ.

ಇನ್ನೊಂದು, ವರ್ತುಲ ಮಗ್ಗ. ಸಾಮಾನ್ಯ ಮಗ್ಗದಲ್ಲಿ ಲಾಳಿಯನ್ನು ಬಡಿದೋಡಿಸಿ, ಆಚೆ ತುದಿಯಲ್ಲಿ ತಡೆದು ಮತ್ತೆ ಈಚೆಗೆ ಬಡಿಯಬೇಕು. ಶಕ್ತಿಯ ಬಹುಪಾಲು ಈ ಬಡಿದಾಟಕ್ಕೇ ವ್ಯಯವಾಗುತ್ತದೆ. ಲಾಳಿ ದುಂಡಗೆ ಸುತ್ತುತ್ತಲೇ ಇದ್ದರೆ ಸದ್ದೂ ಇಲ್ಲ, ವ್ಯಯವೂ ಇಲ್ಲ. 1906ರಲ್ಲಿ ಹಕ್ಕುಪತ್ರ ಪಡೆದ ಈ ಮಗ್ಗವನ್ನು ಅವನು ಕೊನೆಯವರೆಗೂ ತಿದ್ದುತ್ತಲೇ ಇದ್ದನು. ಅದು ಮಾರುಕಟ್ಟೆಯನ್ನು ಕಾಣಲಿಲ್ಲ. ಅವನ ನಗೋಯಾ ಕಾರ್ಖಾನೆಯ ಕಟ್ಟಡದಲ್ಲಿ 1994ರಲ್ಲಿ ತೆರೆದ ವಸ್ತುಸಂಗ್ರಹಾಲಯವನ್ನು ಹೊಕ್ಕೊಡನೆ ಎದುರಾಗುವುದು ಈ ಮಗ್ಗವೇ. ನಮ್ಮ ರೈತರು ಹೊತ್ತು ತರುವ ಗೊಬ್ಬರದ ಪ್ಲಾಸ್ಟಿಕ್ ಚೀಲಗಳಲ್ಲಿ ಪಕ್ಕದ ಹೊಲಿಗೆ ಇಲ್ಲದವನ್ನು ನೀವು ನೋಡಿರಬಹುದು. ಅವನ್ನು ನೇಯುವುದು ಅವನ ಯಂತ್ರವಲ್ಲ, ಆದರೆ ಅದೇ ಬಗೆಯಲ್ಲಿ ದುಂಡಗೆ ಸುತ್ತುವ ಮಗ್ಗ.