ಕಣ್ಣು ಹೋದರೂ ಲೆಕ್ಕ ಬಿಡದ ಆಯ್ಲರ್

ಈ ಸಲದ ಗೋಡೆ ಪತ್ರಿಕೆಗೆ ನಾನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಅವರ ಜೀವನ ಬರೆದಿದ್ದೇನೆ. ಗಣಿತ ಅಂದ್ರೆ ಓಡಿಹೋಗುವವರೂ ದಯವಿಟ್ಟು ಓದಿ.

ಆಯ್ಲರ್ 1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪಾದ್ರಿ. ಮಗನೂ ಪಾದ್ರಿಯಾಗಲಿ ಅಂತ ಅವರ ಆಸೆ. ಆಯ್ಲರ್ ವಿಶ್ವವಿದ್ಯಾಲಯ ಸೇರಿದಾಗ ವಯಸ್ಸು 13. ನನಗೂ ಈಗ 13, ಆದರೆ ನಾನಿನ್ನೂ ಏಳನೇ ತರಗತಿ! ಯೋಹಾನ್ ಬರ್ನೂಲಿ ಎಂಬ ದೊಡ್ಡ ಗಣಿತಜ್ಞರು ಪ್ರತಿ ಶನಿವಾರ ಮಧ್ಯಾಹ್ನ ಅವರ ಸಂಶಯ ಬಿಡಿಸುತ್ತಿದ್ದರು. ತಂದೆಯನ್ನು ಒಪ್ಪಿಸಿದವರೂ ಅವರೇ. 1727ರಲ್ಲಿ ಆಯ್ಲರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು.

ಫ್ರಾನ್ಸಿನ ಫರ್ಮಾ ಎಂಬುವರು ಸುಮಾರು 90 ವರ್ಷ ಮೊದಲು 5, 17, 257, 65537 ಎಂಬ ಸಾಲು ಕೊಟ್ಟಿದ್ದರು. ಒಂದು ಸಂಖ್ಯೆಯಲ್ಲಿ 1 ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿ, 1 ಕೂಡಿಸಿದರೆ ಮುಂದಿನದು ಬರುತ್ತೆ. ಇವೆಲ್ಲ ಅವಿಭಾಜ್ಯ ಸಂಖ್ಯೆಗಳು. ಮುಂದೆ ಬರುವವೂ ಹಾಗೇ ಅಂತ ಫರ್ಮಾ ನಂಬಿದ್ದರು. ಮುಂದಿನದು 4,29,49,67,297. ಅದನ್ನು ಭಾಗಿಸಿ ನೋಡೋದು ಯಾರಿಗೆ ಬೇಕಾಗಿತ್ತು! 1732ರಲ್ಲಿ ಆಯ್ಲರ್ ಅದು 641ರಿಂದ ಭಾಗವಾಗುತ್ತದೆ ಎಂದು ತೋರಿಸಿದರು. ಭಾಗಲಬ್ಧ 67,00,417. ಇದರ ಗುಟ್ಟನ್ನೂ ಆಮೇಲೆ ಸಾಧಿಸಿ ತೋರಿಸಿದರು. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಅಂಥವು 193, 257, 449, 577, 641. ಐದನೆಯದಕ್ಕೇ ಸಿಕ್ಕಿತು! ನಾನೂ ಗುಣಿಸಿ ನೋಡಿದೆ. ಮೊದಲ ಸಲ ಉತ್ತರ ಬರಲಿಲ್ಲ, ಆಯ್ಲರ್ ಅವರೇ ತಪ್ಪಿರಬೇಕು ಅಂದುಕೊಂಡೆ. ನೋಡಿದರೆ ನಾನು ಮೂರನೇ ಸಾಲನ್ನು ಒಂದು ಸ್ಥಾನ ಬಿಟ್ಟು ಬರೆದಿರಲಿಲ್ಲ.

1738ರಲ್ಲಿ ಅವರ ಬಲಗಣ್ಣಿನ ದೃಷ್ಟಿ ಹೋಯಿತು. 1741ರಿಂದ 25 ವರ್ಷ ಬರ್ಲಿನ್‌ನಲ್ಲಿದ್ದು, 1766ರಲ್ಲಿ ರಷ್ಯಾಕ್ಕೆ ವಾಪಸ್ ಬಂದಾಗ ಎಡಗಣ್ಣಿಗೆ ಪೊರೆ ಬಂತು. ನಮ್ಮ ಅಜ್ಜನಿಗೂ ಈಗ ಪೊರೆ ಬಂದಿದೆ. ಆಪರೇಷನ್ ಅಂದರೆ ಹೆದರುತ್ತಾರೆ. ಆದರೂ ಹಾಲಿನ ಲೆಕ್ಕ ಪೂರಾ ಬಾಯಲ್ಲೇ ಹೇಳ್ತಾರೆ. ಆಯ್ಲರ್ ಅವರಿಗೆ 1771ರಲ್ಲಿ ಆಪರೇಷನ್ ಆಗಿ ಕೆಲವು ದಿನ ಕಣ್ಣು ಕಂಡಿತು, ಆಮೇಲೆ ಪೂರ್ತಿ ಕುರುಡಾಯಿತು. ಇದನ್ನು ಮಾತ್ರ ಅಜ್ಜನಿಗೆ ಓದಿ ಹೇಳಲಿಲ್ಲ. ಆಗಿನ ಆಪರೇಷನ್ ಬೇರೆ, ಈಗಿನದು ಬೇರೆ. ಅದೇ ವರ್ಷ ಮನೆಗೂ ಬೆಂಕಿ ಬಿತ್ತು. ಅವರ ಊರಿನವನೇ ಒಬ್ಬ ಕೆಲಸಗಾರ ಅವರನ್ನು ಹೊರಗೆ ತಂದು ಉಳಿಸಿದ.

ಇಷ್ಟಾದ ಮೇಲೆ 1772ರಲ್ಲಿ ಅವರು ಇನ್ನೊಂದು ದೊಡ್ಡ ಸಂಖ್ಯೆಯ ವಿಷಯ ತಿಳಿಸಿದರು. 31 ಎರಡುಗಳನ್ನು ಗುಣಿಸಿ 1 ಕಳೆದರೆ 2,14,74,83,647. ಇದು ಮಾತ್ರ ನಿಜವಾಗಿ ಅವಿಭಾಜ್ಯ. 46,340ರ ತನಕ ಪರೀಕ್ಷೆ ಮಾಡಿದರೆ ಸಾಕು. ಅದರಲ್ಲೂ 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಅವಿಭಾಜ್ಯಗಳು ಮಾತ್ರ. ಯಾವುದರಿಂದಲೂ ಭಾಗವಾಗಲಿಲ್ಲ. ಆಗ ಗೊತ್ತಿದ್ದ ಅವಿಭಾಜ್ಯಗಳಲ್ಲಿ ಅದೇ ದೊಡ್ಡದು. ಕಣ್ಣಿಲ್ಲದ ಆ ವರ್ಷಗಳಲ್ಲಿ ಅವರು ಬಾಯಲ್ಲಿ ಹೇಳುತ್ತಿದ್ದರು, ಮಗ ಮತ್ತು ಶಿಷ್ಯರು ಬರೆದುಕೊಳ್ಳುತ್ತಿದ್ದರು.

ಅಜ್ಜ ಆ ಸಂಖ್ಯೆಯನ್ನು ನನ್ನಿಂದ ಎರಡು ಸಲ ಹೇಳಿಸಿ, ಆಮೇಲೆ ತಾವೇ ತಪ್ಪಿಲ್ಲದೆ ಹೇಳಿದರು.

ಆಯ್ಲರ್ 1783ರ ಸೆಪ್ಟೆಂಬರ್ 18ರಂದು ತೀರಿಕೊಂಡರು. ಅವರ ಸ್ಲೇಟಿನ ಮೇಲೆ ಬೆಲೂನು ಮೇಲೇರುವ ಲೆಕ್ಕ ಹಾಗೇ ಇತ್ತು.