ಗುಂಡಿಗೆ ಕಾಗದ ಸುತ್ತಿದ ಎಂಜಿನಿಯರ್

ದೇವದುರ್ಗ, ಮಾನ್ವಿ ಕಡೆಯಿಂದ ರಾಯಚೂರು ಮಾರುಕಟ್ಟೆಗೆ ಹತ್ತಿ ಬರೋದನ್ನ ನಾವೆಲ್ಲ ನೋಡಿದ್ದೇವೆ. ಹತ್ತಿ ಬಟ್ಟೆಯಾಗುತ್ತೆ, ಬಟ್ಟೆ ಹರಿದು ಚಿಂದಿಯಾದ ಮೇಲೆ ಗಟ್ಟಿ ಕಾಗದವೂ ಆಗುತ್ತೆ. ಅಂಥ ಕಾಗದವನ್ನು ಒಂದು ಕಾಲಕ್ಕೆ ರೈಫಲ್ ಗುಂಡಿಗೆ ಸುತ್ತುತ್ತಿದ್ದರು ಅಂದ್ರೆ ನಂಬ್ತೀರಾ? ಆ ಕೆಲಸದಲ್ಲಿ ಹೆಸರು ಮಾಡಿದವನು ಒಬ್ಬ ಸಿವಿಲ್ ಎಂಜಿನಿಯರ್, ವಿಲಿಯಂ ಎಲ್ಲಿಸ್ ಮೆಟ್‌ಫರ್ಡ್.

ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನ ಟಾಂಟನ್‌ನಲ್ಲಿ. ಕೆಲಸ ಕಲಿತದ್ದು ರೈಲ್ವೆಯಲ್ಲಿ, ರೈಫಲ್ ಬರೀ ಹವ್ಯಾಸ. 1857ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆಗೆಂದು ಬಿಹಾರದ ಮುಂಗೇರಿಗೆ ಬಂದ. ಬಂದ ಹೊತ್ತಿಗೇ ದಂಗೆ ಎದ್ದಿತು. ವಿಚಿತ್ರ ಅಂದ್ರೆ ಆ ಸಿಟ್ಟಿನ ಹಿಂದೆಯೂ ಕಾಗದವಿತ್ತು. ತೋಟಾಕ್ಕೆ ಹಚ್ಚಿದ ಕೊಬ್ಬಿನ ಜೊತೆ, ಅದರ ಕಾಗದದ ಹೊಳಪನ್ನೂ ಸಿಪಾಯಿಗಳು ಅನುಮಾನಿಸಿದ್ದರು. 1858ರ ಫೆಬ್ರವರಿಯಲ್ಲಿ ದಂಗೆಯ ಕಿಚ್ಚು ನಮ್ಮ ಪಕ್ಕದ ಸುರಪುರಕ್ಕೂ ಬಂತು, ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತ. ಅದೇ ವರ್ಷ ಮೆಟ್‌ಫರ್ಡ್ ಆರೋಗ್ಯ ಕೆಟ್ಟು ಊರಿಗೆ ಮರಳಿದ. ಆಮೇಲೆ ಹವ್ಯಾಸವೇ ಅವನ ಬದುಕಾಯಿತು.

ಸಮಸ್ಯೆ ಸರಳ. ಎರಕದ ಸೀಸದ ಗುಂಡು ನಳಿಗೆಗೆ ಉಜ್ಜಿದರೆ ಸೀಸ ಅಲ್ಲೇ ಮೆತ್ತಿಕೊಳ್ಳುತ್ತೆ, ಗುರಿ ತಪ್ಪುತ್ತೆ. ಆಳವಾದ ಗಾಡಿ ಇದ್ದರೆ ಮಸಿಯೂ ಕೂರುತ್ತೆ. 1865ರಲ್ಲಿ ಮೆಟ್‌ಫರ್ಡ್ ತೋರಿಸಿದ ರೈಫಲ್‌ನಲ್ಲಿ ಐದು ಆಳವಿಲ್ಲದ ಗಾಡಿಗಳು, ಜೊತೆಗೆ ಗಟ್ಟಿ ಮಾಡಿದ ಸೀಸದ ಗುಂಡು. ಗುಂಡಿನ ಮೈಗೆ ಕಾಗದ. ಮದ್ದಿನ ಒತ್ತಡಕ್ಕೆ ಗುಂಡು ಉಬ್ಬಿ, ಕಾಗದದ ಸಮೇತ ಗಾಡಿಗೆ ಕಚ್ಚಿಕೊಳ್ಳುತ್ತೆ. ಹೊರಬಂದ ಕೂಡಲೇ ಕಾಗದ ಚೂರಾಗಿ ಉದುರಬೇಕು. ಒಂದು ಚೂರು ಅಂಟಿಕೊಂಡರೂ ಗುಂಡು ದಾರಿ ಬಿಡುತ್ತೆ.

ಹಾಗಾದ್ರೆ ಯಾವ ಕಾಗದ ಆಗುತ್ತೆ? ಒದ್ದೆ ಮಾಡಿ ಎಳೆದು ಸುತ್ತುವಾಗ ಹರಿಯಬಾರದು, ಅದಕ್ಕೆ ಉದ್ದ ನಾರಿನ ಚಿಂದಿ ಕಾಗದ ಬೇಕು. ನಯಕ್ಕೆಂದು ಜೇಡಿ ತುಂಬಿದ ಕಾಗದ ಬೇಡ, ಅದು ನಳಿಗೆಯನ್ನು ಉಜ್ಜುತ್ತೆ. ಎಲ್ಲಕ್ಕಿಂತ ಮುಖ್ಯ, ದಪ್ಪ ಎಲ್ಲ ಕಡೆ ಒಂದೇ ಇರಬೇಕು. ಲೆಕ್ಕ ಹಾಕಿ: 0.05 ಮಿ.ಮೀ. ಕಾಗದ ಎರಡು ಸುತ್ತು ಸುತ್ತಿದರೆ ವ್ಯಾಸ 0.20 ಮಿ.ಮೀ. ಹೆಚ್ಚುತ್ತೆ. ಕಾಗದ 0.06 ಆದರೆ 0.24. ಹಾಳೆಯಲ್ಲಿ 0.01 ತಪ್ಪಿದರೆ ಗುಂಡಿನಲ್ಲಿ ನಾಲ್ಕು ಪಟ್ಟು ತಪ್ಪು.

1888ರಲ್ಲಿ ಬ್ರಿಟಿಷ್ ಸೇನೆ ಲೀ-ಮೆಟ್‌ಫರ್ಡ್ ರೈಫಲ್ ಆಯ್ದುಕೊಂಡಿತು. ಆ ಹೊತ್ತಿಗೆ ಗುಂಡಿಗೆ ಲೋಹದ ಕವಚ ಬಂದಿತ್ತು, ಕಾಗದಕ್ಕೆ ಅಲ್ಲಿ ಕೆಲಸವಿರಲಿಲ್ಲ. ಆಮೇಲೆ ಬಂದ ಕಾರ್ಡೈಟ್ ಮದ್ದಿನ ಬಿಸಿಗೆ ಅವನ ತೆಳು ಗಾಡಿಗಳೂ ಸವೆದವು. 1895ರಲ್ಲಿ ಆಳದ ಗಾಡಿಯ ಲೀ-ಎನ್‌ಫೀಲ್ಡ್ ಬಂತು. 1899ರಲ್ಲಿ ಬ್ರಿಸ್ಟಲ್‌ನಲ್ಲಿ ಮೆಟ್‌ಫರ್ಡ್ ತೀರಿಕೊಂಡ.

ಅವನ ರೈಫಲ್ ಯಾರ ಕೈಯಲ್ಲಿತ್ತು, ಯಾರ ಕಡೆ ತಿರುಗಿತ್ತು ಅನ್ನೋದನ್ನ ಸುರಪುರದ ಪಕ್ಕದ ನಾವು ಮರೆಯೋ ಹಾಗಿಲ್ಲ. ಲೆಕ್ಕ ಸರಿ ಇದ್ದ ಮಾತ್ರಕ್ಕೆ ಕೆಲಸ ಒಳ್ಳೆಯದಾಗೋದಿಲ್ಲ. ಆದರೂ ಅವನಿಂದ ಕಲಿಯೋದು ಒಂದಿದೆ. ಮುಂದಿನ ಸಲ ಲ್ಯಾಬ್‌ನಲ್ಲಿ ಮೈಕ್ರೋಮೀಟರ್ ಕೈಗೆ ಬಂದಾಗ ನೋಟ್‌ಬುಕ್ಕಿನ ಒಂದು ಹಾಳೆಯನ್ನು ನಾಲ್ಕು ಮೂಲೆಯಲ್ಲೂ ಅಳೆದು ನೋಡಿ. ನಾಲ್ಕೂ ಒಂದೇ ಬಂತಾ, ನಮಗೂ ಹೇಳಿ.