ಗುಡ್ಡದ ಮೇಲಿನ ದೀಪ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪಶ್ಚಿಮಾಭಿಮುಖವಾಗಿ ಹರಿಯುವ ದೊಡ್ಡ ನದಿಗಳಲ್ಲಿ ಓಹಿಯೊ ಒಂದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ನದಿ ಕೇವಲ ಎರಡು ಸಂಸ್ಥಾನಗಳ ಗಡಿಯಾಗಿರಲಿಲ್ಲ. ಎರಡು ಬಗೆಯ ಬಾಳುವೆಗಳ ಗಡಿಯೂ ಆಗಿದ್ದಿತು. ದಕ್ಷಿಣ ದಡದ ಕೆಂಟಕಿಯಲ್ಲಿ ಆಫ್ರಿಕಾ ಮೂಲದ ಜನರನ್ನು ದನಕರುಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ತಾಯಿಯನ್ನು ಒಬ್ಬನಿಗೂ ಮಗುವನ್ನು ಮತ್ತೊಬ್ಬನಿಗೂ ಮಾರಲು ಅಲ್ಲಿ ಕಾನೂನಿನ ಅಡ್ಡಿಯಿರಲಿಲ್ಲ. ಉತ್ತರ ದಡದ ಓಹಿಯೊ ಸಂಸ್ಥಾನದಲ್ಲಿ ಗುಲಾಮಗಿರಿಗೆ ಎಡೆಯಿರಲಿಲ್ಲ. ಆ ದಡದಲ್ಲಿ ರಿಪ್ಲಿ ಎಂಬ ಚಿಕ್ಕ ಊರು; ಊರಿನ ಹಿಂದೆ ಕಡಿದಾದ ಗುಡ್ಡ; ಗುಡ್ಡದ ನೆತ್ತಿಯಲ್ಲಿ ಒಂದು ಪುಟ್ಟ ಇಟ್ಟಿಗೆಯ ಮನೆ. ಆ ಮನೆಯ ಕಿಟಕಿಯಲ್ಲಿ ರಾತ್ರಿಯ ವೇಳೆ ಉರಿಯುತ್ತಿದ್ದ ದೀಪ ನದಿಯ ಆಚೆಯ ದಡಕ್ಕೂ ಕಾಣುತ್ತಿದ್ದಿತು. ಬಿಡುಗಡೆಗಾಗಿ ಹಂಬಲಿಸಿ ಕತ್ತಲೆಯಲ್ಲಿ ಓಡಿಬರುತ್ತಿದ್ದ ಗುಲಾಮರಿಗೆ ಅದೇ ದಾರಿಯ ಗುರುತು. ಆ ಮನೆಯ ಯಜಮಾನರೇ ಪ್ರೆಸ್ಬಿಟೀರಿಯನ್ ಪಂಥದ ಸಭಾಪಾಲಕರಾದ ಜಾನ್ ರಾಂಕಿನ್.

ಜಾನ್ ರಾಂಕಿನ್ನರು 1793ನೆಯ ಇಸವಿಯ ಫೆಬ್ರವರಿ 4ರಂದು ಟೆನೆಸೀ ಸಂಸ್ಥಾನದ ಪೂರ್ವಭಾಗದ ಡ್ಯಾಂಡ್ರಿಡ್ಜ್ ಎಂಬ ಊರಿನ ಬಳಿ ಜನಿಸಿದರು. ತಂದೆತಾಯಿಗಳು ದೈವಭಕ್ತರು. ಪ್ರೆಸ್ಬಿಟೀರಿಯನ್ ಪಂಥವು ಕ್ರೈಸ್ತ ಧರ್ಮದ ಸುಧಾರಿತ ಶಾಖೆಗಳಲ್ಲೊಂದು. ಇದರಲ್ಲಿ ಬಿಷಪ್ಪರ ಅಧಿಕಾರವಿಲ್ಲ; ಸಭೆಯ ಜನರು ಆರಿಸಿದ ಹಿರಿಯರೂ ಸಭಾಪಾಲಕರೂ ಕೂಡಿ ಸಭೆಯ ವ್ಯವಹಾರವನ್ನು ನಡೆಸುತ್ತಾರೆ. ಪಾದ್ರಿಯಾಗುವವನು ವಿದ್ಯಾವಂತನಾಗಿರಬೇಕೆಂಬುದು ಈ ಪಂಥದ ಕಟ್ಟುನಿಟ್ಟಾದ ನಿಯಮ. ಆದುದರಿಂದ ರಾಂಕಿನ್ನರು ಸ್ಯಾಮ್ಯುಯೆಲ್ ಡೋಕ್ ಎಂಬ ಹಿರಿಯ ಪಾದ್ರಿಗಳು ನಡೆಸುತ್ತಿದ್ದ ವಾಷಿಂಗ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1816ರಲ್ಲಿ ಡೋಕ್‌ರವರ ಮೊಮ್ಮಗಳಾದ ಜೀನ್ ಲೌರಿಯವರನ್ನು ವಿವಾಹವಾದರು. ಮುಂದಿನ ಅರವತ್ತೆರಡು ವರ್ಷಗಳ ಕಾಲ ಈ ದಂಪತಿಗಳು ಕಷ್ಟಸುಖಗಳಲ್ಲಿ ಒಂದಾಗಿ ಬಾಳಿದರು.

ತರುಣ ರಾಂಕಿನ್ನರು ಹುಟ್ಟು ವಾಗ್ಮಿಗಳಾಗಿರಲಿಲ್ಲ. ಜನರೆದುರು ನಿಂತು ಮಾತನಾಡುವುದನ್ನು ಅವರು ಪ್ರಯಾಸದಿಂದ ಕಲಿಯಬೇಕಾಯಿತು. ಆದರೆ ಆಡಬೇಕಾದ ಮಾತು ಯಾವುದೆಂಬ ಬಗ್ಗೆ ಅವರಿಗೆ ಸಂದೇಹವಿರಲಿಲ್ಲ. ಎಲ್ಲ ಬಗೆಯ ದಬ್ಬಾಳಿಕೆಯೂ ದೇವರ ಚಿತ್ತಕ್ಕೆ ವಿರುದ್ಧವೆಂದು ಅವರು ಒಂದು ದಿನ ಪ್ರಬೋಧಿಸಿದರು. ಗುಲಾಮಗಿರಿಯ ಹೆಸರನ್ನು ನೇರವಾಗಿ ಎತ್ತದಿದ್ದರೂ ಕೇಳಿದವರಿಗೆ ಅರ್ಥವಾಯಿತು. ಇಂತಹ ಮಾತುಗಳನ್ನು ಮತ್ತೆ ಆಡುವುದಾದರೆ ಟೆನೆಸೀಯನ್ನು ಬಿಡುವುದೇ ಒಳಿತೆಂದು ಸಭೆಯ ಹಿರಿಯರು ಎಚ್ಚರಿಸಿದರು. ಮೌನವಾಗಿರುವುದು ಅಥವಾ ಹುಟ್ಟಿದ ನೆಲವನ್ನು ತೊರೆಯುವುದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಅವರು ಎರಡನೆಯದನ್ನು ಆರಿಸಿಕೊಂಡರು.

1817ರಲ್ಲಿ ಪತ್ನಿ ಹಾಗೂ ಎಳೆಯ ಮಗುವಿನೊಡನೆ ಅವರು ಓಹಿಯೊದ ಕಡೆಗೆ ಹೊರಟರು. ಕೈಯಲ್ಲಿದ್ದ ಹಣ ಸಾಲದೆ ಕೆಂಟಕಿಯಲ್ಲಿಯೇ ನಿಲ್ಲಬೇಕಾಯಿತು. ಅಲ್ಲಿನ ಕಾರ್ಲೈಲ್ ಎಂಬ ಊರಿನ ಬಳಿಯ ಕಾನ್‌ಕಾರ್ಡ್ ಸಭೆಗೆ ಅವರು ಪಾದ್ರಿಗಳಾದರು. ಗುಲಾಮರಿಗೆ ಓದುಬರಹ ಕಲಿಸಲು ಒಂದು ಶಾಲೆಯನ್ನು ತೆರೆದರು. ದೊಣ್ಣೆ ಹಿಡಿದ ಪುಂಡರು ಬಂದು ಕಲಿಯುವವರನ್ನು ಶಾಲೆಯಿಂದ ಓಡಿಸಿದರು. ಶಾಲೆಯು ಒಂದು ಪಾಳುಮನೆಗೆ, ಅಲ್ಲಿಂದ ಸ್ನೇಹಿತರೊಬ್ಬರ ಅಡುಗೆಮನೆಗೆ ಸ್ಥಳಾಂತರಗೊಂಡಿತು. ಕೊನೆಗೆ ಬರುವವರೇ ಇಲ್ಲದೆ ಮುಚ್ಚಿಹೋಯಿತು. ಗುಲಾಮಗಿರಿಯ ನೆಲದಲ್ಲಿ ತಮ್ಮ ಮಕ್ಕಳನ್ನು ಬೆಳೆಸಬಾರದೆಂದು ದಂಪತಿಗಳು ನಿಶ್ಚಯಿಸಿದರು. 1821ನೆಯ ವರ್ಷ ಮುಗಿದು 1822 ಕಾಲಿಡುತ್ತಿದ್ದ ಕೊರೆಯುವ ಚಳಿಯಲ್ಲಿ, ಪುಟ್ಟ ಮಕ್ಕಳನ್ನು ದೋಣಿಯಲ್ಲಿ ಕುಳ್ಳಿರಿಸಿಕೊಂಡು ಅವರು ಓಹಿಯೊ ನದಿಯನ್ನು ದಾಟಿದರು. ರಿಪ್ಲಿಯ ಪ್ರೆಸ್ಬಿಟೀರಿಯನ್ ಸಭೆಯಲ್ಲಿ ಅಂದು ಆರಂಭವಾದ ಅವರ ಸೇವೆ ನಲವತ್ತನಾಲ್ಕು ವರ್ಷಗಳ ಕಾಲ ನಡೆಯಿತು.

ರಿಪ್ಲಿಗೆ ಬಂದ ಕೆಲವು ಕಾಲದಲ್ಲಿಯೇ ಒಂದು ಸುದ್ದಿ ಅವರನ್ನು ಕಲಕಿತು. ವರ್ಜೀನಿಯದಲ್ಲಿ ವ್ಯಾಪಾರಿಯಾಗಿದ್ದ ಸ್ವಂತ ಸಹೋದರ ಥಾಮಸ್ ಗುಲಾಮರನ್ನು ಕೊಂಡಿದ್ದಾನೆಂಬುದೇ ಆ ಸುದ್ದಿ. ಪರರ ತಪ್ಪನ್ನು ಖಂಡಿಸುವುದು ಸುಲಭ. ತಪ್ಪು ನಮ್ಮ ಮನೆಯಲ್ಲಿಯೇ ನಡೆದಾಗ ಏನು ಮಾಡಬೇಕು? ರಾಂಕಿನ್ನರು ಸಹೋದರನನ್ನು ಶಪಿಸಲಿಲ್ಲ. ಅವನ ಸಂಬಂಧವನ್ನು ಕಡಿದುಕೊಳ್ಳಲೂ ಇಲ್ಲ. ಒಂದರ ಮೇಲೊಂದರಂತೆ ಪತ್ರಗಳನ್ನು ಬರೆದರು. ಚರ್ಮದ ಬಣ್ಣ ಬೇರೆಯಾದ ಮಾತ್ರಕ್ಕೆ ಮನುಷ್ಯನ ಬುದ್ಧಿಯೂ ಹೃದಯವೂ ಕೀಳಾಗುವುದಿಲ್ಲವೆಂದು ತರ್ಕದಿಂದ ತೋರಿಸಿದರು. ಗುಲಾಮನ ಸ್ಥಾನದಲ್ಲಿ ತಮ್ಮ ಪತ್ನಿಯೂ ಮಕ್ಕಳೂ ಇದ್ದಿದ್ದರೆ ತಮಗೆ ಏನಾಗುತ್ತಿದ್ದಿತೆಂಬುದನ್ನು ಕಲ್ಪಿಸಿಕೊಂಡು ಬರೆದರು. ಈ ಪತ್ರಗಳು ಮೊದಲು ರಿಪ್ಲಿಯ ಪತ್ರಿಕೆಯಲ್ಲಿಯೂ ಅನಂತರ 1826ರಲ್ಲಿ ಪುಸ್ತಕರೂಪದಲ್ಲಿಯೂ ಪ್ರಕಟವಾದವು. ಇವುಗಳ ಪರಿಣಾಮವನ್ನು ಕಾಣಲು ಬಹುಕಾಲ ಕಾಯಬೇಕಾಗಲಿಲ್ಲ. ಥಾಮಸನ ಮನಸ್ಸು ಕರಗಿತು. ಅವನು ತನ್ನ ಗುಲಾಮರಿಗೆ ಬಿಡುಗಡೆ ನೀಡಿ ಓಹಿಯೊಗೆ ಬಂದು ನೆಲೆಸಿದನು. 1832ರಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ನರು ಈ ಪತ್ರಗಳನ್ನು ತಮ್ಮ ಪ್ರಸಿದ್ಧ ಪತ್ರಿಕೆಯಲ್ಲಿ ಮತ್ತೆ ಅಚ್ಚುಹಾಕಿದರು. ದೇಶಕ್ಕೆಲ್ಲ ಗುಲಾಮಗಿರಿಯ ವಿರೋಧಿ ನಾಯಕರೆನಿಸಿದ ಗ್ಯಾರಿಸನ್ನರು ಈ ವಿಷಯದಲ್ಲಿ ತಾವು ರಾಂಕಿನ್ನರ ಶಿಷ್ಯರೆಂದು ಹೇಳಿಕೊಂಡರು.

ರಾಂಕಿನ್ ದಂಪತಿಗಳಿಗೆ ಒಂಬತ್ತು ಗಂಡುಮಕ್ಕಳು, ನಾಲ್ಕು ಹೆಣ್ಣುಮಕ್ಕಳು. ಪಾದ್ರಿಯ ಅಲ್ಪ ವರಮಾನದಲ್ಲಿ ಹದಿಮೂರು ಮಕ್ಕಳ ಸಂಸಾರ ನಡೆಯಬೇಕು. ರಾಂಕಿನ್ನರು ಪ್ರಬೋಧನೆಯ ಜೊತೆಗೆ ಶಾಲೆಯಲ್ಲಿ ಪಾಠ ಹೇಳಿದರು. ಮನೆಯವರೆಲ್ಲ ಹೊಲದಲ್ಲಿ ದುಡಿದರು. ಮುಂದೆ ಸೇನಾಪತಿಗಳೂ ರಾಷ್ಟ್ರಾಧ್ಯಕ್ಷರೂ ಆದ ಯುಲಿಸಿಸ್ ಗ್ರಾಂಟರು ಬಾಲ್ಯದಲ್ಲಿ ಕೆಲಕಾಲ ರಿಪ್ಲಿಯ ಪ್ರೆಸ್ಬಿಟೀರಿಯನ್ ಶಾಲೆಯಲ್ಲಿ ಕಲಿತವರು. ಮೊದಲು ನದೀತೀರದ ಬೀದಿಯಲ್ಲಿ ವಾಸವಾಗಿದ್ದ ಕುಟುಂಬವು 1829ರ ಸುಮಾರಿಗೆ ಗುಡ್ಡದ ಮೇಲಿನ ಮನೆಗೆ ಹೋಯಿತು. ಊರಿನಿಂದ ಮನೆಗೆ ಏರಲು ಉದ್ದನೆಯ ಮೆಟ್ಟಿಲುಗಳ ಸಾಲಿದ್ದಿತು. ನದಿ ದಾಟಿದವರು ಈ ಮೆಟ್ಟಿಲುಗಳನ್ನೇರಿ ಬಾಗಿಲು ತಟ್ಟುತ್ತಿದ್ದರು.

ಓಹಿಯೊದ ನೆಲವನ್ನು ಮುಟ್ಟಿದ ಮಾತ್ರಕ್ಕೆ ಗುಲಾಮನು ಸ್ವತಂತ್ರನಾಗುತ್ತಿರಲಿಲ್ಲ. ಓಡಿಬಂದವರನ್ನು ಯಾವ ಸಂಸ್ಥಾನದಲ್ಲಿದ್ದರೂ ಹಿಡಿದೊಯ್ಯಲು 1793ರ ಕಾನೂನು ಒಡೆಯರಿಗೆ ಅಧಿಕಾರ ನೀಡಿದ್ದಿತು. ಆಶ್ರಯವಿತ್ತವರಿಗೆ ಐನೂರು ಡಾಲರುಗಳ ದಂಡ ವಿಧಿಸುತ್ತಿದ್ದಿತು. 1850ರ ಕಾನೂನು ಇನ್ನೂ ಕಠಿನ: ಸಾವಿರ ಡಾಲರುಗಳವರೆಗೆ ದಂಡ, ಜೊತೆಗೆ ಆರು ತಿಂಗಳವರೆಗೆ ಸೆರೆವಾಸ. ಒಮ್ಮೆ ಸಿಕ್ಕಿಬಿದ್ದರೆ ಬಡ ಪಾದ್ರಿಯ ಮನೆಮಾರು ಹರಾಜಾಗುವುದು ಖಂಡಿತ. ಇದನ್ನು ತಿಳಿದೂ ಆ ಕುಟುಂಬವು ಬಾಗಿಲನ್ನು ಮುಚ್ಚಲಿಲ್ಲ. ನೆನೆದು ನಡುಗುತ್ತ ಬಂದವರಿಗೆ ಜೀನ್‌ರವರು ಬೆಂಕಿ ಹೊತ್ತಿಸಿ, ಒಣಬಟ್ಟೆ ಕೊಟ್ಟು, ಊಟ ಬಡಿಸುತ್ತಿದ್ದರು. ಗಂಡುಮಕ್ಕಳು ಸರದಿಯಂತೆ ಎದ್ದು, ಬಂದವರನ್ನು ಕತ್ತಲೆಯಲ್ಲಿಯೇ ಮುಂದಿನ ಊರಿಗೆ ಕರೆದೊಯ್ಯುತ್ತಿದ್ದರು. ಕೆಲವೇ ಮೈಲಿಗಳ ಆಚೆಗೆ ರೆಡ್ ಓಕ್ ಎಂಬಲ್ಲಿ ಜೇಮ್ಸ್ ಗಿಲಿಲ್ಯಾಂಡ್ ಎಂಬ ಮತ್ತೊಬ್ಬ ಪ್ರೆಸ್ಬಿಟೀರಿಯನ್ ಪಾದ್ರಿಗಳಿದ್ದರು. ಹೀಗೆ ಮನೆಯಿಂದ ಮನೆಗೆ ಸಾಗಿ ಕೆನಡಾ ದೇಶವನ್ನು ಸೇರುವ ಗುಪ್ತ ದಾರಿಗೆ ನೆಲದಡಿಯ ರೈಲುದಾರಿ ಎಂದು ಹೆಸರಾಯಿತು. ಅದರಲ್ಲಿ ರೈಲೂ ಇರಲಿಲ್ಲ, ಕಂಬಿಯೂ ಇರಲಿಲ್ಲ. ಧೈರ್ಯವಂತರಾದ ಮನುಷ್ಯರು ಮಾತ್ರ ಇದ್ದರು. ತಾನೇ ದುಡಿದು 1845ರಲ್ಲಿ ತನ್ನ ಬಿಡುಗಡೆಯನ್ನು ಕೊಂಡುಕೊಂಡಿದ್ದ ಜಾನ್ ಪಾರ್ಕರ್ ಎಂಬ ಕಪ್ಪು ವರ್ಣದ ಕುಶಲ ಕೆಲಸಗಾರನು ರಿಪ್ಲಿಯಲ್ಲಿ ಎರಕದ ಕಾರ್ಖಾನೆಯನ್ನು ನಡೆಸುತ್ತ, ರಾತ್ರಿಯಲ್ಲಿ ಕೆಂಟಕಿಗೆ ದೋಣಿ ನಡೆಸಿ ಜನರನ್ನು ಕರೆತರುತ್ತಿದ್ದನು. ಸಿಕ್ಕಿದ್ದರೆ ಅವನಿಗೆ ಒದಗುತ್ತಿದ್ದ ಶಿಕ್ಷೆ ದಂಡವಲ್ಲ. ಮತ್ತೆ ಗುಲಾಮಗಿರಿ ಅಥವಾ ಮರಣ.

1838ರ ಚಳಿಗಾಲದಲ್ಲಿ ಒಬ್ಬ ತಾಯಿ ತನ್ನ ಹಸುಗೂಸನ್ನು ಎತ್ತಿಕೊಂಡು ನದಿಯ ದಡಕ್ಕೆ ಓಡಿಬಂದಳು. ನದಿಯ ಮೇಲಿನ ಮಂಜುಗಡ್ಡೆ ಕರಗಲಾರಂಭಿಸಿ ಬಿರುಕುಬಿಟ್ಟಿದ್ದಿತು. ಬೆನ್ನಟ್ಟಿ ಬರುವವರ ಭಯದಿಂದ ಅವಳು ಅದರ ಮೇಲೆಯೇ ಕಾಲಿಟ್ಟಳು. ಬಿದ್ದು, ಎದ್ದು, ತೊಯ್ದು ಉತ್ತರ ದಡವನ್ನು ಸೇರಿದಳು. ರಾಂಕಿನ್ನರ ಮನೆ ಅವಳಿಗೆ ಆಶ್ರಯ ನೀಡಿತು. ಮಕ್ಕಳು ಅದೇ ರಾತ್ರಿ ಅವಳನ್ನು ಮುಂದಕ್ಕೆ ಸಾಗಿಸಿದರು. ಈ ಘಟನೆಯನ್ನು ರಾಂಕಿನ್ನರ ಮೂಲಕ ತಿಳಿದವರಲ್ಲಿ ಹ್ಯಾರಿಯಟ್ ಬೀಚರ್ ಸ್ಟೋ ಅವರ ಕುಟುಂಬವೂ ಒಂದು. 1852ರಲ್ಲಿ ಪುಸ್ತಕವಾಗಿ ಹೊರಬಂದ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಆ ತಾಯಿ ಎಲೈಜಾ ಎಂಬ ಪಾತ್ರವಾಗಿ ಜಗತ್ತಿಗೆ ಪರಿಚಿತಳಾದಳು.

ಇಂತಹ ಕಾರ್ಯಕ್ಕೆ ಶತ್ರುಗಳು ಕಡಿಮೆಯೇ? ರಾಂಕಿನ್ನರು ಉಪನ್ಯಾಸಕ್ಕೆ ಹೋದ ಊರುಗಳಲ್ಲಿ ಜನರು ಅವರ ಮೇಲೆ ಮೊಟ್ಟೆಗಳನ್ನೂ ಕಲ್ಲುಗಳನ್ನೂ ಎಸೆದರು. ಕೆಂಟಕಿಯಲ್ಲಿ ಅವರ ತಲೆಗೆ ಬಹುಮಾನ ಕಟ್ಟಿದರು. 1841ರ ಸೆಪ್ಟೆಂಬರಿನ ಒಂದು ರಾತ್ರಿ ಶಸ್ತ್ರಧಾರಿಗಳ ಗುಂಪೊಂದು ಗುಡ್ಡದ ಮನೆಗೆ ಮುತ್ತಿಗೆ ಹಾಕಿತು. ಮಕ್ಕಳು ಬಂದೂಕು ಹಿಡಿದು ಎದುರಿಸಿ ಆ ಗುಂಪನ್ನು ಹಿಮ್ಮೆಟ್ಟಿಸಿದರು. ಶಾಂತಿಯನ್ನು ಸಾರುವ ಪಾದ್ರಿಯ ಮನೆಯಲ್ಲಿ ಗುಂಡಿನ ಸದ್ದು ಕೇಳಿದ ಆ ರಾತ್ರಿ ತಂದೆತಾಯಿಗಳಿಗೆ ಎಷ್ಟು ಭಾರವಾಗಿದ್ದಿರಬೇಕು! ಆದರೂ ಮರುರಾತ್ರಿಗಳಲ್ಲಿ ದೀಪ ಆರಲಿಲ್ಲ.

ಸ್ವಧರ್ಮೀಯರ ಮೌನವು ಶತ್ರುಗಳ ಗುಂಡಿಗಿಂತ ಹೆಚ್ಚಾಗಿ ರಾಂಕಿನ್ನರನ್ನು ನೋಯಿಸಿತು. ಗುಲಾಮರ ಒಡೆಯರನ್ನು ಸದಸ್ಯರನ್ನಾಗಿ ಉಳಿಸಿಕೊಂಡಿರುವ ಸಭೆಯಲ್ಲಿ ಇರಲಾರೆನೆಂದು ಅವರು ಹೊರಬಂದರು. 1847ರಲ್ಲಿ ಸಮಾನಮನಸ್ಕರೊಡನೆ ಸ್ವತಂತ್ರ ಪ್ರೆಸ್ಬಿಟೀರಿಯನ್ ಸಭೆಯನ್ನು ಸ್ಥಾಪಿಸಿದರು. ಗುಲಾಮರನ್ನು ಇಟ್ಟುಕೊಂಡವರಿಗೆ ಅದರಲ್ಲಿ ಪ್ರವೇಶವಿರಲಿಲ್ಲ.

1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ರಾಂಕಿನ್ನರ ಆರು ಮಂದಿ ಪುತ್ರರು ಒಕ್ಕೂಟದ ಸೇನೆಯಲ್ಲಿ ಹೋರಾಡಿದರು. 1865ರಲ್ಲಿ ಯುದ್ಧ ಮುಗಿಯಿತು. ಸಂವಿಧಾನದ ಹದಿಮೂರನೆಯ ತಿದ್ದುಪಡಿಯು ದೇಶಾದ್ಯಂತ ಗುಲಾಮಗಿರಿಯನ್ನು ನಿಷೇಧಿಸಿತು. ಕಿಟಕಿಯ ದೀಪಕ್ಕೆ ಇನ್ನು ಕೆಲಸವಿರಲಿಲ್ಲ. ಮರುವರ್ಷ ರಾಂಕಿನ್ನರು ರಿಪ್ಲಿಯ ಸೇವೆಯಿಂದ ನಿವೃತ್ತರಾದರು. 1878ರಲ್ಲಿ ಜೀನ್‌ರವರು ತೀರಿಕೊಂಡರು. 1886ರ ಮಾರ್ಚ್ 18ರಂದು, ತೊಂಬತ್ತಮೂರರ ವಯಸ್ಸಿನಲ್ಲಿ, ರಾಂಕಿನ್ನರು ಓಹಿಯೊದ ಐರನ್‌ಟನ್ನಿನಲ್ಲಿ ನಿಧನರಾದರು. ಅವರ ಸಮಾಧಿ ರಿಪ್ಲಿಯಲ್ಲಿದೆ. ಅವರ ಮನೆಯನ್ನು 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಲಾಯಿತು.

ಆ ಮನೆಯ ಮೂಲಕ ಸುಮಾರು ಎರಡು ಸಾವಿರ ಜನರು ಬಿಡುಗಡೆಯ ದಾರಿ ಹಿಡಿದರೆಂದು ಹೇಳುತ್ತಾರೆ. ರಾಂಕಿನ್ನರು ಸೈನ್ಯವನ್ನು ಕಟ್ಟಲಿಲ್ಲ, ಅಧಿಕಾರವನ್ನು ಏರಲಿಲ್ಲ. ಸತ್ಯವೆಂದು ಕಂಡುದನ್ನು ಮೊದಲು ಒಡಹುಟ್ಟಿದವನಿಗೆ ತಿಳಿಸಿದರು. ಮಕ್ಕಳೊಡಗೂಡಿ ಅದನ್ನು ತಮ್ಮ ಮನೆಯಲ್ಲಿಯೇ ಆಚರಿಸಿದರು. ದಣಿದು ಬಂದವನಿಗೆ ಬಾಗಿಲು ತೆರೆಯುವುದು ಚಿಕ್ಕ ಕೆಲಸವೇ. ಆದರೆ ಆಪತ್ತನ್ನು ಅರಿತೂ, ಒಂದು ದಿನವಲ್ಲ, ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರತಿ ರಾತ್ರಿಯೂ ಅದನ್ನು ತೆರೆಯಲು ಸಿದ್ಧರಾಗಿರುವುದು ಚಿಕ್ಕ ಕೆಲಸವಲ್ಲ.